ಉಪಗ್ರಹದ ರೇಡಿಯೋ, ಸಮೀಪದ ರೇಡಿಯೋ: ಖುಷ್ಕಿ ಬೇಸಾಯಗಾರರಿಗೆ ಯಾವುದು ಹಿತ?

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಗಳ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿರತಕ್ಕದ್ದು. ಚೆನ್ನಕೇಶವಸ್ವಾಮಿಯ ದೇವಸ್ಥಾನದಿಂದ ಹೆಸರಾದ ಬಾಗೂರಿನ ಸುತ್ತಣ ಗ್ರಾಮಗಳನ್ನೇ ತೆಗೆದುಕೊಂಡರೂ, ಕೊಳವೆಬಾವಿಯ ಆಸರೆಯಿರುವ ತೆಂಗು ಅಡಿಕೆಯ ತೋಟಗಳನ್ನು ಬಿಟ್ಟರೆ ಹೆಚ್ಚಿನ ಭಾಗವು ರಾಗಿ, ಸಾವೆ, ಕಡಲೆಕಾಯಿಗಳನ್ನು ಬೆಳೆಯುವ ಖುಷ್ಕಿ ಜಮೀನೇ ಆಗಿರುತ್ತದೆ. ಇಂತಹ ಸೀಮೆಯಲ್ಲಿ ಹದವಾದ ಮಳೆಯೊಂದು ಬಿದ್ದ ಮೇಲೆ ಕೂರಿಗೆ ಹೂಡುವುದಕ್ಕೆ ಒಕ್ಕಲಿಗನಿಗೆ ದೊರೆಯುವ ಅವಕಾಶವು ಕೆಲವೇ ದಿನಗಳದು. ಆ ದಿನಗಳಲ್ಲಿ ಅವನಿಗೆ ಬೇಕಾದ ತಿಳಿವಳಿಕೆಯು ಬೇಕಾದ ಹೊತ್ತಿಗೆ ಕಿವಿಗೆ ಬಿದ್ದಿತೆ ಇಲ್ಲವೆ ಎಂಬುದರ ಮೇಲೆ ಅವನ ಮನೆಯ ವರ್ಷದ ಜೀವನವು ನಿಂತಿರುತ್ತದೆ. ಓದು ಬಾರದವನಿಗೂ, ಕೈಯಲ್ಲಿ ಕೆಲಸವಿರುವವನಿಗೂ ಸುದ್ದಿಯನ್ನು ಮುಟ್ಟಿಸತಕ್ಕ ಸಾಧನಗಳಲ್ಲಿ ರೇಡಿಯೋ ಎಲ್ಲಕ್ಕಿಂತಲೂ ಸುಲಭವಾದುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಾವ ರೇಡಿಯೋ ಎಂಬ ವಿಷಯದಲ್ಲಿ ಮಾತ್ರ ಗ್ರಾಮಗಳ ಯಜಮಾನರಲ್ಲಿಯೂ ಜಮೀನುದಾರರಲ್ಲಿಯೂ ಒಂದು ಭ್ರಮೆಯು ಹರಡಿಕೊಂಡಿರುವುದಾಗಿ ಕಂಡುಬರುತ್ತದೆ. ಆಕಾಶದ ಮೇಲಿನಿಂದ, ದೂರದೇಶದ ಯಂತ್ರದಿಂದ ಬರತಕ್ಕದ್ದೇ ಉತ್ತಮವಾದುದು, ಜಿಲ್ಲೆಯ ಮುಖ್ಯಸ್ಥಳದಿಂದ ಬರತಕ್ಕದ್ದು ಹಳೆಯ ಕಾಲದ್ದು ಎಂಬುದೇ ಆ ಭ್ರಮೆ.

ಧ್ವನಿಯು ಮನೆಗೆ ಬರುವ ದಾರಿಗಳು ಮೂರು. ಮೊದಲನೆಯದು ಮಧ್ಯಮ ತರಂಗ. ಇದು ನೆಲವನ್ನು ಅನುಸರಿಸಿಕೊಂಡು ಗುಡ್ಡ ಹಳ್ಳಗಳನ್ನು ದಾಟಿ ಬಹುದೂರ ಹೋಗಬಲ್ಲದು. 1965 ರಲ್ಲಿ ಪ್ರಾರಂಭವಾದ ಭದ್ರಾವತಿಯ ನಿಲಯವು 675 ಕಿಲೋಹರ್ಟ್ಸಿನಲ್ಲಿ ಮಲೆನಾಡನ್ನೂ ಬಯಲುಸೀಮೆಯನ್ನೂ ಒಟ್ಟಿಗೆ ಮುಟ್ಟುತ್ತಿದ್ದುದು ಈ ಗುಣದಿಂದಲೇ. ಇದರ ದೋಷವೆಂದರೆ ಸಿಡಿಲು, ಮೋಟಾರು, ಪಂಪಿನ ಸ್ಟಾರ್ಟರು ಮುಂತಾದವುಗಳ ಸದ್ದೆಲ್ಲವೂ ಮಾತಿನೊಳಕ್ಕೆ ಸೇರಿಕೊಳ್ಳುವುದು. ಎರಡನೆಯದು ಎಫ್.ಎಂ. ಎಂದು ಕರೆಯಲ್ಪಡತಕ್ಕದ್ದು. ಚಿತ್ರದುರ್ಗದ ಆಕಾಶವಾಣಿಯು 102.6 ಮೆಗಾಹರ್ಟ್ಸಿನಲ್ಲಿ ಮಾತನಾಡುವುದು ಈ ಕ್ರಮದಲ್ಲಿ. ಧ್ವನಿಯು ನಿರ್ಮಲವಾಗಿರುತ್ತದೆ, ಆದರೆ ಈ ತರಂಗವು ಬೆಳಕಿನಂತೆ ನೇರವಾಗಿ ಸಾಗುವುದರಿಂದ, ನಡುವೆ ಗುಡ್ಡವಿದ್ದರೆ ಅದರ ಮರೆಯಲ್ಲಿ ಧ್ವನಿಗೂ ನೆರಳು ಬೀಳುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಹೊಸದುರ್ಗ ಹಿರಿಯೂರುಗಳ ಕಡೆಗೆ ಗುಡ್ಡಗಳ ಸಾಲುಗಳು ಹಬ್ಬಿರುವುದರಿಂದ, ಒಂದು ದಿಣ್ಣೆಯ ಮೇಲೆ ಚೆನ್ನಾಗಿ ಕೇಳುವುದು ಅದರ ಕೆಳಗಿನ ಹಳ್ಳದ ತೋಟದಲ್ಲಿ ಗೊರಗೊರನೆ ಕೇಳುವುದುಂಟು. ಮೂರನೆಯದೇ ಉಪಗ್ರಹದ ರೇಡಿಯೋ. ಭೂಮಿಯ ಸಮಭಾಜಕ ರೇಖೆಯ ಮೇಲುಗಡೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುತ್ತಿರುವ ಉಪಗ್ರಹವು ಒಂದೇ ಸಲಕ್ಕೆ ಅರ್ಧ ಖಂಡವನ್ನು ಮುಟ್ಟಬಲ್ಲದು. ಮೇಲಿನಿಂದ ಬರುವ ಧ್ವನಿಗೆ ಗುಡ್ಡದ ಅಡ್ಡಿಯಿಲ್ಲ. ಯಂತ್ರವಿದ್ಯೆಯ ದೃಷ್ಟಿಯೊಂದರಿಂದಲೇ ನೋಡಿದರೆ ಮೂರನೆಯದೇ ಮೇಲೆಂದು ಹೇಳಬೇಕಾಗುತ್ತದೆ.

ಆದರೆ ಈ ದೇಶದವರು ಅದನ್ನು ಒಂದು ಸಲ ಪರೀಕ್ಷಿಸಿ ನೋಡಿರುತ್ತಾರೆ. ಅದರ ಫಲವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಇಥಿಯೋಪಿಯ ದೇಶದಲ್ಲಿ ಹುಟ್ಟಿದ ನೋವಾ ಸಮಾರಾ ಎಂಬವರು 1990 ರಲ್ಲಿ ಅಮೆರಿಕಾ ದೇಶದಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ರೇಡಿಯೋ ನಿಲಯಗಳು ವಿರಳವಾಗಿರುವ ಆಫ್ರಿಕಾ ಏಷ್ಯಾ ಖಂಡಗಳ ಜನರಿಗೆ ಉಪಗ್ರಹದ ಮೂಲಕ ತಿಳಿವಳಿಕೆಯನ್ನು ಮುಟ್ಟಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಅದು ಒಳ್ಳೆಯ ಉದ್ದೇಶವೆಂಬುದರಲ್ಲಿ ಸಂದೇಹವಿಲ್ಲ. 1998 ರಲ್ಲಿ ಆಫ್ರಿಸ್ಟಾರ್ ಎಂಬ ಉಪಗ್ರಹವೂ 2000 ದ ಮಾರ್ಚಿಯಲ್ಲಿ ಏಷ್ಯಾಸ್ಟಾರ್ ಎಂಬ ಉಪಗ್ರಹವೂ ಮೇಲಕ್ಕೆ ಹೋದುವು. ಭಾರತದಲ್ಲಿ ಈ ಸಂಸ್ಥೆಯ ಮುಖ್ಯ ಕಾರ್ಯಸ್ಥಾನವು ಬೆಂಗಳೂರೇ ಆಗಿತ್ತು. ಕನ್ನಡಕ್ಕೆಂದು ಸ್ಪರ್ಶ ಎಂಬ ಹೆಸರಿನ ಒಂದು ವಾಹಿನಿಯೂ ಇತ್ತು. ಪ್ರತ್ಯೇಕವಾದ ಯಂತ್ರವನ್ನು ಕೊಂಡು, ಅದರ ಅಂಗೈಯಗಲದ ಆಂಟೆನಾವನ್ನು ಪೂರ್ವಾಗ್ನೇಯ ದಿಕ್ಕಿಗೆ ತಿರುಗಿಸಿ ಕಿಟಕಿಯ ಬಳಿ ಇಟ್ಟು, ಕಾಲಕಾಲಕ್ಕೆ ಚಂದಾ ಕಟ್ಟುತ್ತಿದ್ದರೆ, ಜಾಹಿರಾತುಗಳ ಕಾಟವಿಲ್ಲದೆ ಸಂಗೀತವನ್ನು ಹಗಲಿರುಳೂ ಕೇಳಬಹುದಾಗಿತ್ತು. ದೇಶದಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಜನರು ಚಂದಾದಾರರಾದರು. ಶಾಸ್ತ್ರೀಯ ಸಂಗೀತದ ಅಭಿಮಾನಿಗಳು ಇಂದಿಗೂ ಅದನ್ನು ನೆನೆದು ನಿಟ್ಟುಸಿರು ಬಿಡುವುದುಂಟು.

2008 ರ ಅಕ್ಟೋಬರಿನಲ್ಲಿ ಆ ಸಂಸ್ಥೆಯು ಸಾಲವನ್ನು ತೀರಿಸಲಾರದೆ ಅಮೆರಿಕಾದ ನ್ಯಾಯಾಲಯದ ಆಶ್ರಯವನ್ನು ಬೇಡಿತು. 2009 ರ ಡಿಸೆಂಬರು 31 ಕ್ಕೆ ಭಾರತದಲ್ಲಿ ಅದರ ಧ್ವನಿಯು ನಿಂತುಹೋಯಿತು. ಉಪಗ್ರಹವು ಕೆಟ್ಟುಹೋಗಿರಲಿಲ್ಲ, ಯಂತ್ರಗಳೂ ಕೆಟ್ಟಿರಲಿಲ್ಲ, ಕೇಳುವವರೂ ಇದ್ದರು. ಸಾವಿರಾರು ಮೈಲಿಗಳಾಚೆ ಒಂದು ಲೆಕ್ಕದ ಪುಸ್ತಕದಲ್ಲಿ ಜಮೆಗಿಂತ ಖರ್ಚು ಹೆಚ್ಚಾದ ಮಾತ್ರಕ್ಕೆ ಇಲ್ಲಿನ ಮನೆಗಳಲ್ಲಿ ಯಂತ್ರವು ಮೂಕವಾಯಿತು. ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯುಂಟು. ಆ ಯಂತ್ರಗಳ ಕೆಲವು ಮಾದರಿಗಳಲ್ಲಿ ಮಧ್ಯಮ ತರಂಗವನ್ನೂ ಎಫ್.ಎಂ. ಅನ್ನೂ ಹಿಡಿಯುವ ಭಾಗಗಳೂ ಕೂಡಿದ್ದುವು. ಅಂತಹ ಯಂತ್ರವಿದ್ದವರು ಮರುದಿನ ಬೆಳಿಗ್ಗೆ ಗುಂಡಿಯನ್ನು ತಿರುಗಿಸಿ ಸಮೀಪದ ಆಕಾಶವಾಣಿಯನ್ನು ಕೇಳಬಹುದಾಗಿತ್ತು. ಉಳಿದವರ ಯಂತ್ರಗಳು ಅಟ್ಟವನ್ನು ಸೇರಿದುವು.

ಇದೊಂದು ವ್ಯಾಪಾರದ ಸೋಲು ಮಾತ್ರವೆಂದು ಕೆಲವರು ಹೇಳಬಹುದು. ಅಮೆರಿಕಾದಲ್ಲಿ ಇದೇ ಬಗೆಯ ಎರಡು ಸಂಸ್ಥೆಗಳು 2008 ರಲ್ಲಿ ಒಂದಾಗಿ ಸಿರಿಯಸ್ ಎಕ್ಸ್‌ಎಂ ಎಂಬ ಹೆಸರಿನಿಂದ ನಡೆದುಬಂದಿರುವುದನ್ನು ಅವರು ತೋರಿಸುವುದುಂಟು. ಅದು ನಿಜ. ಆದರೆ ಅಲ್ಲಿ ಅದನ್ನು ಹೆಚ್ಚಾಗಿ ಕೇಳುವವರು ಮೋಟಾರು ಗಾಡಿಗಳಲ್ಲಿ ಹೆದ್ದಾರಿಯ ಮೇಲೆ ಸಾಗುತ್ತಿರುವವರು. ಒಂದು ಊರಿನ ನಿಲಯದ ಮೇರೆಯನ್ನು ದಾಟಿ ಇನ್ನೊಂದರ ಮೇರೆಗೆ ಹೋಗುವವರಿಗೆ ಎಲ್ಲೆಡೆಯೂ ಒಂದೇ ಆಗಿರುವ ಧ್ವನಿಯು ಬೇಕಾಗುತ್ತದೆ. ಬೇಸಾಯಗಾರನಾದರೋ ಒಂದು ನೆಲಕ್ಕೆ ಕಟ್ಟುಬಿದ್ದವನು. ಅವನ ಜಮೀನಿನ ಚಕ್ಕುಬಂದಿಯು ತಾತನ ಕಾಲದಿಂದ ಬದಲಾಗಿರುವುದಿಲ್ಲ. ಎಲ್ಲೆಡೆಗೂ ಒಪ್ಪುವ ಮಾತು ಅವನ ಹೊಲಕ್ಕೆ ಒಪ್ಪುವುದು ಅಪರೂಪ.

ಇದಕ್ಕೆ ನಿದರ್ಶನವಾಗಿ ಕಡಲೆಕಾಯಿಯ ಹೊಲವನ್ನು ಹಾಳುಮಾಡುವ ಕೆಂಪು ಕಂಬಳಿಹುಳುವಿನ ವಿಷಯವನ್ನು ನೋಡಬಹುದು. ಈ ಹುಳುವಿನ ಗೂಡುಗಳು ಬದುಗಳಲ್ಲಿಯೂ ಮರಗಳ ನೆರಳಿನ ಮಣ್ಣಿನಲ್ಲಿಯೂ ಬೇಸಿಗೆಯನ್ನೆಲ್ಲಾ ಅಡಗಿರುತ್ತವೆ. ಮುಂಗಾರಿನ ಮೊದಲ ಭಾರಿ ಮಳೆಯಿಂದ ನೆಲವು ಚೆನ್ನಾಗಿ ನೆನೆದ ಕೆಲವೇ ದಿನಗಳಲ್ಲಿ ಚಿಟ್ಟೆಗಳು ಹೊರಬೀಳುತ್ತವೆ. ಒಂದೊಂದು ಹೆಣ್ಣು ಚಿಟ್ಟೆಯೂ ನೂರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಚಿಕ್ಕವಾಗಿರುವಾಗ ಒಂದೇ ಎಲೆಯ ಕೆಳಗೆ ಗುಂಪಾಗಿರುವುದರಿಂದ ಎಲೆಯನ್ನು ಕಿತ್ತು ನಾಶಮಾಡುವುದು ಸುಲಭ. ಮೈಮೇಲೆ ಕೂದಲು ಬೆಳೆದು ದೊಡ್ಡವಾದ ಮೇಲೆ ಅವು ಹೊಲದಿಂದ ಹೊಲಕ್ಕೆ ದಂಡುಕಟ್ಟಿಕೊಂಡು ಹೋಗುತ್ತವೆ, ಆಗ ಔಷಧವೂ ಸುಲಭವಾಗಿ ನಾಟುವುದಿಲ್ಲ. ಆದಕಾರಣ ಚಿಟ್ಟೆಗಳು ಹೊರಟ ರಾತ್ರಿಗಳಲ್ಲಿಯೇ ಹೊಲಗಳ ಬದಿಯಲ್ಲಿ ಬೆಂಕಿಯನ್ನೋ ದೀಪದ ಬೋನುಗಳನ್ನೋ ಇಟ್ಟು ಅವನ್ನು ಆಕರ್ಷಿಸಿ ಕೊಲ್ಲತಕ್ಕದ್ದು. ಇದನ್ನು ಒಬ್ಬನೇ ಮಾಡಿದರೆ ಫಲವಿಲ್ಲ. ಒಂದು ಗ್ರಾಮದವರೆಲ್ಲರೂ, ಸಾಧ್ಯವಾದರೆ ಸುತ್ತಣ ಗ್ರಾಮಗಳವರೂ, ಅದೇ ರಾತ್ರಿಗಳಲ್ಲಿ ಮಾಡಬೇಕು.

ಹಾಗಾದರೆ ಯಾವ ರಾತ್ರಿ? ಬಾಗೂರಿನಲ್ಲಿ ಭಾರಿ ಮಳೆ ಬಿದ್ದು ಹೊಳಲ್ಕೆರೆಯ ಕಡೆಗೆ ತುಂತುರೂ ಬೀಳದಿರುವುದು ಈ ಸೀಮೆಯಲ್ಲಿ ಆಶ್ಚರ್ಯವಲ್ಲ. ಒಂದೇ ಗ್ರಾಮದ ಕೆರೆಯ ಮೇಲುಗಡೆ ಮಳೆಯಾಗಿ ಕೆಳಗಡೆ ಬಿಸಿಲಿರುವುದನ್ನು ಎಲ್ಲರೂ ಕಂಡವರೇ. ಅರ್ಧ ಖಂಡಕ್ಕೆ ಒಟ್ಟಿಗೆ ಮಾತನಾಡುವ ಉಪಗ್ರಹದ ವಾಹಿನಿಯು ಬಾಗೂರಿನವರು ಇಂದು ರಾತ್ರಿ ಬೆಂಕಿ ಹಾಕಬೇಕು, ಹಿರಿಯೂರಿನವರು ಇನ್ನೂ ಕಾಯಬೇಕು ಎಂದು ಹೇಳುವುದಿಲ್ಲ. ಹೇಳಲು ಯಂತ್ರಕ್ಕೆ ಶಕ್ತಿಯಿಲ್ಲವೆಂದಲ್ಲ. ದೆಹಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು ಮಾತನಾಡುವವನಿಗೆ ಅದು ತಿಳಿದಿರುವುದಿಲ್ಲ; ತಿಳಿದರೂ ಕೋಟ್ಯಂತರ ಜನರು ಕೇಳುತ್ತಿರುವ ಹೊತ್ತಿನಲ್ಲಿ ಹತ್ತು ಹಳ್ಳಿಗಳಿಗಾಗಿ ಎರಡು ನಿಮಿಷಗಳನ್ನು ಕೊಡುವುದಕ್ಕೆ ಯಾವ ಲೆಕ್ಕವೂ ಒಪ್ಪುವುದಿಲ್ಲ. ಜಿಲ್ಲೆಯ ನಿಲಯಕ್ಕೆ ಇದು ಸಾಧ್ಯ. ಹೋಬಳಿಯ ನಿಲಯವೊಂದಿದ್ದರೆ ಅದಕ್ಕೆ ಇದು ನಿತ್ಯದ ಕೆಲಸವೇ ಆಗಿಬಿಡುತ್ತದೆ.

2022 ರಲ್ಲಿ ನಡೆದುದೂ ಇದೇ ಮಾತನ್ನು ತೋರಿಸುತ್ತದೆ. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933 ರಿಂದೀಚೆಗೆ ಮೊದಲನೆಯ ಸಲ ಆ ವರ್ಷದ ಸೆಪ್ಟೆಂಬರಿನಲ್ಲಿ ತುಂಬಿ ಕೋಡಿ ಹರಿಯಿತು. ನಾಡಿನ ದೊಡ್ಡ ವಾಹಿನಿಗಳಿಗೆಲ್ಲಾ ಅದು ಸಂತೋಷದ ಸುದ್ದಿ. ಜನರು ತಂಡತಂಡವಾಗಿ ನೋಡಲು ಹೋದರು. ಆದರೆ ಮೇಲೆ ಹೊಸದುರ್ಗದ ಕಡೆಯ ಹಿನ್ನೀರಿನ ಅಂಚಿನಲ್ಲಿ ಜಮೀನುಳ್ಳವರಿಗೂ, ಕೆಳಗೆ ವೇದಾವತಿಯ ದಂಡೆಯ ತೋಟದವರಿಗೂ ಬೇಕಾಗಿದ್ದ ವರ್ತಮಾನವು ಬೇರೆಯಾಗಿತ್ತು. ನೀರು ಇನ್ನೆಷ್ಟು ಏರುವುದು, ಯಾವ ದಾರಿ ಮುಚ್ಚುವುದು, ಪಂಪನ್ನು ಎತ್ತಿಡಬೇಕೆ ಬೇಡವೆ ಎಂಬುದೇ ಅವರ ಚಿಂತೆ. ಅಂತಹ ಮಾತು ಸಮೀಪದ ಬಾಯಿಂದಲೇ ಬರಬೇಕು.

ಉಪಗ್ರಹಕ್ಕೂ ಸಮೀಪದ ನಿಲಯಕ್ಕೂ ಇರುವ ತಾರತಮ್ಯವನ್ನು ಈ ದೇಶದ ಸರ್ಕಾರವೇ ಬಹಳ ಹಿಂದೆ ಅಕ್ಕಪಕ್ಕದಲ್ಲಿಟ್ಟು ನೋಡಿದ್ದುಂಟು. ಅದು ಧ್ವನಿಯ ಜೊತೆಗೆ ಚಿತ್ರವನ್ನೂ ಕಳುಹಿಸುವ ಟೆಲಿವಿಷನ್ನಿನ ಪ್ರಯೋಗವಾದರೂ, ಇಲ್ಲಿನ ವಿಷಯಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. 1975 ರ ಆಗಸ್ಟು 1 ರಿಂದ 1976 ರ ಜುಲೈ 31 ರ ವರೆಗೆ ಅಮೆರಿಕಾದವರ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2,400 ಗ್ರಾಮಗಳಿಗೆ ಬೇಸಾಯ, ಆರೋಗ್ಯ, ಶಾಲಾಪಾಠಗಳನ್ನು ಕಳುಹಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಗ್ರಾಮಗಳು ಇದಕ್ಕೆ ಆರಿಸಲ್ಪಟ್ಟುವು. ಆ ಗ್ರಾಮಗಳ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಕರಾರಿನಂತೆ ವರ್ಷವು ತುಂಬಿದ ಕೂಡಲೆ ಉಪಗ್ರಹವನ್ನು ಅದರ ಒಡೆಯರು ಸರಿಸಿಕೊಂಡರು. ಅದರಿಂದ ಇಂಜಿನಿಯರುಗಳು ಬಹಳ ಕಲಿತರು, ಮುಂದೆ ದೇಶವು ತನ್ನದೇ ಆದ ಇನ್ಸ್ಯಾಟ್ ಉಪಗ್ರಹಗಳನ್ನು ಹಾರಿಸುವುದಕ್ಕೆ ಅದೇ ತಳಹದಿಯಾಯಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ರಾಯಚೂರಿನ ಹಳ್ಳಿಯ ಕೇಳುಗನ ದೃಷ್ಟಿಯಿಂದ ಅದು ಒಂದು ವರ್ಷದ ಜಾತ್ರೆ.

ಅದೇ 1975 ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬ ಗ್ರಾಮದಲ್ಲಿ ಒಂದು ಚಿಕ್ಕ ಪ್ರೇಷಕಯಂತ್ರವನ್ನು ನಿಲ್ಲಿಸಿ, ಆ ಜಿಲ್ಲೆಯ ಜನರೇ ತಮ್ಮ ಆಡುಮಾತಿನಲ್ಲಿ ಭಾಗವಹಿಸುವಂತಹ ಕಾರ್ಯಕ್ರಮಗಳನ್ನು ನಡೆಸಲಾಯಿತು. ಕೂಲಿ, ಸಾಲ, ಹಾಲಿನ ಸಹಕಾರ ಸಂಘ ಮೊದಲಾದ ಊರಿನ ವಿಷಯಗಳೇ ಅಲ್ಲಿ ಬಂದುವು. ಈ ಕೆಲಸಕ್ಕೆ 1984 ರಲ್ಲಿ ಯುನೆಸ್ಕೋದ ಬಹುಮಾನವೂ ದೊರೆಯಿತು. 1985 ರಲ್ಲಿ ಆ ಪ್ರೇಷಕಯಂತ್ರವನ್ನು ಅಲ್ಲಿಂದ ತೆಗೆಯಲು ಹೊರಟಾಗ ಜನರು ಎದ್ದು ನಿಂತು ಪ್ರತಿಭಟಿಸಿದರು. ತಮ್ಮದೆಂದು ತಿಳಿದುದಕ್ಕಾಗಿ ಮಾತ್ರ ಜನರು ಹಾಗೆ ನಿಲ್ಲುತ್ತಾರೆ.

ರೇಡಿಯೋ ವಿಷಯದಲ್ಲಿ ಇದಕ್ಕಿಂತಲೂ ಹಿಂದಿನ ಪಾಠವೊಂದಿದೆ. 1956 ರಲ್ಲಿ ಪುಣೆಯ ಸುತ್ತಲಿನ ಜಿಲ್ಲೆಗಳ 150 ಗ್ರಾಮಗಳಲ್ಲಿ, ಆಕಾಶವಾಣಿಯ ಬೇಸಾಯದ ಕಾರ್ಯಕ್ರಮಗಳನ್ನು ಹನ್ನೆರಡರಿಂದ ಇಪ್ಪತ್ತು ಜನರು ಒಂದೆಡೆ ಕುಳಿತು ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ಸಂದೇಹಗಳನ್ನು ಬರೆದು ನಿಲಯಕ್ಕೆ ಕಳುಹಿಸುವುದು, ನಿಲಯದವರು ಅವಕ್ಕೆ ಉತ್ತರ ಕೊಡುವುದು ಎಂಬ ಏರ್ಪಾಡನ್ನು ಮಾಡಲಾಯಿತು. ಬರಿಯ ಯಂತ್ರವನ್ನು ಮಾತ್ರ ಕೊಟ್ಟ ಗ್ರಾಮಗಳಿಗಿಂತ ಹೀಗೆ ಕೂಟವನ್ನು ಕಟ್ಟಿಕೊಂಡ ಗ್ರಾಮಗಳಲ್ಲಿ ತಿಳಿವಳಿಕೆಯು ಬಹಳ ಹೆಚ್ಚಾದುದು ಕಂಡುಬಂದಿತು. 1959 ರಿಂದ ಇದು ದೇಶದಲ್ಲೆಲ್ಲಾ ಹರಡಿತು. ಇಲ್ಲಿ ಕೆಲಸಮಾಡಿದುದು ಪ್ರೇಷಕಯಂತ್ರದ ಶಕ್ತಿಯಲ್ಲ, ಕೇಳುವವನು ಮರಳಿ ಮಾತನಾಡಬಲ್ಲವನಾದುದು. ಉಪಗ್ರಹದ ರೇಡಿಯೋ ಯಂತ್ರಕ್ಕೆ ಕಿವಿಯಿಲ್ಲ. ಅದಕ್ಕೆ ಪ್ರಶ್ನೆಯನ್ನು ಹಾಕುವ ಬಗೆಯೇ ಇಲ್ಲ. ಪಕ್ಕದ ನಿಲಯಕ್ಕಾದರೆ ಕಾಗದ ಬರೆಯಬಹುದು, ಫೋನು ಮಾಡಬಹುದು, ಸಂತೆಗೆ ಹೋದಾಗ ಬಾಗಿಲಿಗೇ ಹೋಗಿ ಕೇಳಬಹುದು.

ಮೈಸೂರು ಸೀಮೆಯವರಿಗೆ ಇದು ಹೊಸ ಮಾತೂ ಅಲ್ಲ. ಇಲ್ಲಿನ ರೇಡಿಯೋ ಹುಟ್ಟಿದುದೇ ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935 ರ ಸೆಪ್ಟೆಂಬರು 10 ರಂದು ಕೇವಲ 30 ವ್ಯಾಟಿನ ಯಂತ್ರದಿಂದ ಆಕಾಶವಾಣಿಯನ್ನು ಪ್ರಾರಂಭಿಸಿದರು. ಮನೆಯೊಳಗಿನ ಒಂದು ವಿದ್ಯುದ್ದೀಪಕ್ಕೆ ಬೇಕಾಗುವಷ್ಟು ಶಕ್ತಿ ಅದು. ಇಂದು ಇಡೀ ದೇಶದ ಪ್ರಸಾರ ಸಂಸ್ಥೆಯು ಹೊತ್ತಿರುವ ಹೆಸರು ಆ ಚಿಕ್ಕ ನಿಲಯದಲ್ಲಿ ನಡೆದುಬಂದ ಹೆಸರೇ.

ಇಷ್ಟು ಹೇಳಿದ ಮೇಲೆ ಸಮೀಪದ ನಿಲಯಗಳ ಲೋಪಗಳನ್ನು ಮುಚ್ಚಿಡುವುದು ನ್ಯಾಯವಾಗಲಾರದು. ಯಂತ್ರವು ಜಿಲ್ಲೆಯಲ್ಲಿ ನಿಂತ ಮಾತ್ರಕ್ಕೆ ಧ್ವನಿಯು ಜಿಲ್ಲೆಯದಾಗುವುದಿಲ್ಲ. ದಿನದ ಬಹುಭಾಗ ರಾಜಧಾನಿಗಳಿಂದ ಬಂದುದನ್ನೇ ಮರಳಿ ಹೊರಡಿಸುತ್ತಾ, ಉಳಿದ ಹೊತ್ತನ್ನು ಚಲನಚಿತ್ರದ ಹಾಡುಗಳಿಂದ ತುಂಬುವ ನಿಲಯಕ್ಕೂ ಉಪಗ್ರಹದ ವಾಹಿನಿಗೂ ಒಕ್ಕಲಿಗನ ಮಟ್ಟಿಗೆ ಭೇದವೇನಿದೆ? ಖಾಸಗಿಯವರ ಎಫ್.ಎಂ. ನಿಲಯಗಳಂತೂ ಪಟ್ಟಣದ ಅಂಗಡಿಗಳ ಜಾಹಿರಾತನ್ನು ನಂಬಿಕೊಂಡಿರುವುದರಿಂದ ಹೊಸದುರ್ಗದಂತಹ ತಾಲ್ಲೂಕಿನ ಕಡೆಗೆ ತಲೆಹಾಕುವುದಿಲ್ಲ. ಬೇಸಾಯದ ಮಾತುಗಳನ್ನಾಡುವವರಲ್ಲಿಯೂ ಕೆಲವರು ಪುಸ್ತಕದ ಭಾಷೆಯಲ್ಲಿ ಹೆಕ್ಟೇರು, ಕಿಲೋಗ್ರಾಮು, ಔಷಧದ ಉದ್ದುದ್ದ ಹೆಸರುಗಳೆಂದು ಓದಿಬಿಡುತ್ತಾರೆ; ಆರಿದ್ರೆ ಮಳೆ, ಪುನರ್ವಸು ಮಳೆ ಎಂದು ಲೆಕ್ಕವಿಡುವವನಿಗೆ ಅದು ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಆದರೆ ಈ ದೋಷಗಳು ತಿದ್ದಿಕೊಳ್ಳತಕ್ಕವು. ಜಿಲ್ಲೆಯ ಪ್ರಮುಖರು ಸೇರಿ ಕೇಳಿದರೆ ಕಾರ್ಯಕ್ರಮದ ವೇಳೆಯನ್ನೂ ರೀತಿಯನ್ನೂ ಬದಲಾಯಿಸಲು ಅವಕಾಶವಿದೆ. ಏಷ್ಯಾಸ್ಟಾರಿನ ಒಡೆಯರನ್ನು ಬಾಗೂರಿನವರು ಯಾವ ಬಾಗಿಲಿನಲ್ಲಿ ನಿಂತು ಕೇಳಬಹುದಾಗಿತ್ತು?

ಉಪಗ್ರಹದಿಂದ ಬೇಸಾಯಕ್ಕೆ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. ಮೋಡಗಳ ಚಿತ್ರವನ್ನು ತೆಗೆಯುವುದು ಉಪಗ್ರಹ. ದೂರದ ನಿಲಯದ ಕಾರ್ಯಕ್ರಮವನ್ನು ಕೆಡದಂತೆ ಚಿಕ್ಕ ನಿಲಯಗಳಿಗೆ ಒಪ್ಪಿಸುವುದೂ ಉಪಗ್ರಹವೇ. 2004 ರಿಂದ ದೂರದರ್ಶನದವರು ನಡೆಸಿಕೊಂಡುಬಂದಿರುವ, ತಿಂಗಳ ಬಾಡಿಗೆಯಿಲ್ಲದ ತಟ್ಟೆಯ ಆಂಟೆನಾದ ಮೂಲಕ ಆಕಾಶವಾಣಿಯ ವಾಹಿನಿಗಳನ್ನೂ ಮನೆಯಲ್ಲಿ ಕೇಳಬಹುದಾಗಿದೆ. ಆದರೆ ಅದಕ್ಕಾಗಿ ಟೆಲಿವಿಷನ್ ಯಂತ್ರವನ್ನು ಹಚ್ಚಿ ಪಡಸಾಲೆಯಲ್ಲಿ ಕುಳಿತಿರಬೇಕು. ಕಳೆ ಕೀಳುವ ಹೆಂಗಸರ ಪಕ್ಕದ ಬದುವಿನ ಮೇಲಕ್ಕೂ, ದನ ಕಾಯುವ ಹುಡುಗನ ಹೆಗಲಿಗೂ ಆ ತಟ್ಟೆಯು ಬರಲಾರದು. ಕೆಲವು ನೂರು ರೂಪಾಯಿಗಳ ಎಫ್.ಎಂ. ಯಂತ್ರವು ಎರಡು ಸೆಲ್ಲುಗಳಿಂದ ವಾರಗಟ್ಟಲೆ ನಡೆಯುತ್ತದೆ. ಕರೆಂಟು ಹೋದ ಮಳೆಯ ರಾತ್ರಿಯಲ್ಲಿಯೂ ಮಾತನಾಡುತ್ತದೆ. ಮೊಬೈಲು ಫೋನಿನಲ್ಲಿ ಇಂಟರ್ನೆಟ್ಟಿನ ಮೂಲಕ ಲೋಕದ ನಿಲಯಗಳನ್ನೆಲ್ಲಾ ಕೇಳಬಹುದಲ್ಲವೆ ಎಂದು ತರುಣರು ಕೇಳುತ್ತಾರೆ. ಕೇಳಬಹುದು. ಸಿಗ್ನಲ್ ಇರುವ ಕಡೆ, ಹಣ ತುಂಬಿಸಿರುವಷ್ಟು ದಿನ, ಗೋಪುರದ ಬ್ಯಾಟರಿ ಮುಗಿಯುವವರೆಗೆ.

ಈಗ ಇದನ್ನು ಬರೆಯಬೇಕಾಗಿ ಬಂದುದಕ್ಕೆ ಕಾರಣವುಂಟು. ಪ್ರಸಾರ ಭಾರತಿಯವರು ದೇಶದ ಮಧ್ಯಮ ತರಂಗದ ಹಳೆಯ ಪ್ರೇಷಕಯಂತ್ರಗಳನ್ನು ಹಂತಹಂತವಾಗಿ ನಿಲ್ಲಿಸುತ್ತಾ ಬಂದಿದ್ದಾರೆ. ಅವುಗಳ ವಿದ್ಯುತ್ತಿನ ಖರ್ಚು ಹೆಚ್ಚು, ಬಿಡಿಭಾಗಗಳು ದೊರೆಯುವುದಿಲ್ಲ, ಕೇಳುವವರು ಕಡಿಮೆ ಎಂಬುದು ಅದಕ್ಕೆ ಕೊಡುವ ಕಾರಣ. ಅದರಲ್ಲಿ ಸತ್ಯವೂ ಉಂಟು. ಮೊಬೈಲು ತಯಾರಿಸುವವರು ಫೋನುಗಳಲ್ಲಿ ಎಫ್.ಎಂ. ಭಾಗವನ್ನು ಬಿಟ್ಟುಬಿಡುತ್ತಿರುವುದನ್ನು ಕಂಡು 2023 ರಲ್ಲಿ ಕೇಂದ್ರ ಸರ್ಕಾರದವರು ಅದನ್ನು ಉಳಿಸಿಕೊಳ್ಳುವಂತೆ ಸೂಚಿಸಬೇಕಾಯಿತು. ಹೀಗೆ ಗುಡ್ಡವನ್ನು ದಾಟುತ್ತಿದ್ದ ಹಳೆಯ ತರಂಗವು ಹಿಂದೆ ಸರಿಯುತ್ತಿರುವಾಗ, ಗುಡ್ಡವನ್ನು ದಾಟಲಾರದ ಹೊಸ ತರಂಗವು ಪಟ್ಟಣದ ಸುತ್ತಲೇ ನಿಂತರೆ, ನಡುವೆ ಉಳಿಯುವುದು ಬಾಗೂರಿನಂತಹ ಹಳ್ಳಿಗಳು. ಕೇಳುವವರು ಕಡಿಮೆಯೆಂದು ನಿಲಯವನ್ನು ನಿಲ್ಲಿಸುವುದು, ನಿಲಯವು ನಿಂತುದರಿಂದ ಕೇಳುವವರು ಇಲ್ಲವಾಗುವುದು: ಇದು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಕೇಡು. ಕೇಳುವವರಿದ್ದಾರೆಂದು ಬರವಣಿಗೆಯಲ್ಲಿ ತಿಳಿಸುವವರು ಯಾರೂ ಇಲ್ಲದಿದ್ದರೆ ಅಧಿಕಾರಿಗಳು ಲೆಕ್ಕವನ್ನು ಮಾತ್ರ ನೋಡಿ ತೀರ್ಮಾನಿಸುವುದು ಸಹಜ.

ಪರಿಹಾರವು ಅಸಾಧ್ಯವಾದುದೂ ಅಲ್ಲ, ಬಹು ಖರ್ಚಿನದೂ ಅಲ್ಲ. 2023 ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದವರು 18 ರಾಜ್ಯಗಳಲ್ಲಿಯೂ ಎರಡು ಕೇಂದ್ರಾಡಳಿತ ಪ್ರದೇಶಗಳಲ್ಲಿಯೂ ತಲಾ 100 ವ್ಯಾಟಿನ 91 ಚಿಕ್ಕ ಎಫ್.ಎಂ. ಪ್ರೇಷಕಯಂತ್ರಗಳನ್ನು ಒಂದೇ ದಿನ ಪ್ರಾರಂಭಿಸಿದರು. ಗುಡ್ಡದ ಮರೆಯ ತಾಲ್ಲೂಕುಗಳಿಗೆ ಇಂತಹ ಯಂತ್ರವೇ ತಕ್ಕದ್ದು. ಇದಲ್ಲದೆ 2006 ರಿಂದ ಸಮುದಾಯ ರೇಡಿಯೋ ಎಂಬ ಮತ್ತೊಂದು ದಾರಿಯೂ ತೆರೆದಿದೆ. ವಿದ್ಯಾಸಂಸ್ಥೆಗಳು, ಕೃಷಿ ವಿಶ್ವವಿದ್ಯಾನಿಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು, ಕನಿಷ್ಠ ಮೂರು ವರ್ಷ ಸೇವೆಮಾಡಿದ ನೋಂದಾಯಿತ ಸಂಘಗಳು ಇದಕ್ಕೆ ಅರ್ಜಿ ಹಾಕಬಹುದು. ಶಕ್ತಿಯು ಸಾಮಾನ್ಯವಾಗಿ 100 ವ್ಯಾಟು, ಕಂಬದ ಎತ್ತರ 30 ಮೀಟರು. ಸುತ್ತಣ ಹತ್ತಾರು ಕಿಲೋಮೀಟರುಗಳ ಗ್ರಾಮಗಳಿಗೆ ಇಷ್ಟು ಸಾಕಾಗುತ್ತದೆ. ಕಾರ್ಯಕ್ರಮಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಆ ಸ್ಥಳದ ಜನರೇ ಸೇರಿ ತಯಾರಿಸಬೇಕೆಂಬುದು ನಿಯಮ. ರಾಜಕೀಯ ವಾರ್ತೆಯನ್ನು ಸ್ವತಂತ್ರವಾಗಿ ಹೇಳಕೂಡದು. ಹವಾಮಾನ, ನೀರು, ವಿದ್ಯುತ್ತು ಮುಂತಾದವುಗಳ ಪ್ರಕಟಣೆಗೆ ಅಡ್ಡಿಯಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು 2007 ರಲ್ಲಿಯೇ ಬೇಸಾಯಕ್ಕಾಗಿ ಇಂತಹ ನಿಲಯವನ್ನು ಪ್ರಾರಂಭಿಸಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಲೈಸೆನ್ಸು ದೊರೆಯುವುದಕ್ಕೂ ಮೊದಲೇ ಗ್ರಾಮದವರು ಕೇಬಲ್ಲಿನ ಮೂಲಕ ನಮ್ಮ ಧ್ವನಿ ಎಂಬ ಹೆಸರಿನಿಂದ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದ್ದರು.

ಹಿರಿಯೂರಿನ ಬಳಿ ಬಬ್ಬೂರು ಫಾರಂ ಇದೆ. ಅಲ್ಲಿ ಮಣ್ಣು, ಬೀಜ, ಹುಳು, ರೋಗಗಳನ್ನು ಬಲ್ಲ ವಿಜ್ಞಾನಿಗಳಿದ್ದಾರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಮಳೆಯ ಮಾಪಕಗಳನ್ನಿಟ್ಟು, ಎಲ್ಲಿ ಎಷ್ಟು ಬಿದ್ದಿತೆಂಬುದನ್ನು ಯಂತ್ರದ ಮೂಲಕವೇ ಬೆಂಗಳೂರಿಗೆ ತರಿಸಿಕೊಳ್ಳುತ್ತಾರೆ. ವಿಚಿತ್ರವೆಂದರೆ ಬಾಗೂರಿನಲ್ಲಿ ಬಿದ್ದ ಮಳೆಯ ಲೆಕ್ಕವು ಬೆಂಗಳೂರಿಗೆ ಹೋಗಿರುತ್ತದೆ, ಪಕ್ಕದ ಗ್ರಾಮಕ್ಕೆ ಮಾತ್ರ ಬಂದಿರುವುದಿಲ್ಲ. ವರುಣಮಿತ್ರ ಎಂಬ ಫೋನಿನ ಸಹಾಯವುಂಟು. ಒಬ್ಬೊಬ್ಬರಾಗಿ ಕೇಳಿದರೆ ಒಬ್ಬೊಬ್ಬರಿಗೆ ಉತ್ತರ ದೊರೆಯುತ್ತದೆ. ಕಂಬಳಿಹುಳುವಿನ ಚಿಟ್ಟೆಗೆ ಊರೆಲ್ಲಾ ಒಟ್ಟಿಗೆ ಬೆಂಕಿ ಹಾಕುವುದಕ್ಕೆ ಅದು ಸಾಲದು. ಅದೇ ಲೆಕ್ಕವನ್ನು ಪ್ರತಿದಿನ ಸಾಯಂಕಾಲ ಆರೂವರೆಗೆ, ದನಗಳು ಕೊಟ್ಟಿಗೆಗೆ ಬಂದ ಹೊತ್ತಿನಲ್ಲಿ, ಗ್ರಾಮಗ್ರಾಮದ ಹೆಸರು ಹಿಡಿದು ಓದಿ, ಅದರ ಮೇಲೆ ಫಾರಂನವರ ನಾಲ್ಕು ಮಾತುಗಳನ್ನು ಹೇಳಿದರೆ ಐದು ನಿಮಿಷ ಹಿಡಿಯಬಹುದು.

ಆದುದರಿಂದ ಗ್ರಾಮಗಳ ಯಜಮಾನರು ಮಾಡತಕ್ಕದ್ದು ಇಷ್ಟು. ಮೊದಲು, ತಮ್ಮ ಗ್ರಾಮದ ಯಾವ ಯಾವ ಭಾಗಗಳಲ್ಲಿ ಚಿತ್ರದುರ್ಗದ 102.6 ಚೆನ್ನಾಗಿ ಕೇಳುತ್ತದೆ, ಎಲ್ಲಿ ಕೇಳುವುದಿಲ್ಲ ಎಂಬುದನ್ನು ಒಂದು ಚಿಕ್ಕ ಯಂತ್ರವನ್ನು ಹಿಡಿದು ತಿರುಗಾಡಿ ಗುರುತುಮಾಡಿಸಬೇಕು. ಇದಕ್ಕೆ ಶಾಲೆಯ ಹುಡುಗರು ಸಾಕು. ಒಂದು ಭಾನುವಾರದ ಕೆಲಸ. ಆ ಪಟ್ಟಿಯನ್ನು ಪಂಚಾಯಿತಿಯ ನಿರ್ಣಯದೊಡನೆ ನಿಲಯಕ್ಕೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ, ಮರೆಯ ಗ್ರಾಮಗಳಿಗಾಗಿ 100 ವ್ಯಾಟಿನ ಯಂತ್ರವನ್ನು ಕೇಳಬೇಕು. ಅದರೊಡನೆ ಸಾಯಂಕಾಲದ ಮಳೆಯ ಲೆಕ್ಕವನ್ನೂ ಕೇಳಬೇಕು. ತೆಂಗಿನ ತೋಟ, ದಾಳಿಂಬೆಯ ತೋಟಗಳಿಂದ ಅನುಕೂಲವಾಗಿರುವ ಜಮೀನುದಾರರು ಸಮುದಾಯ ರೇಡಿಯೋ ವಿಷಯದಲ್ಲಿ ಮುಂದೆ ಬಂದರೆ ಕೆಲಸವು ಬೇಗ ಸಾಗುತ್ತದೆ. ಪ್ರಾರಂಭದ ಖರ್ಚಿಗಿಂತ ತಿಂಗಳ ಖರ್ಚೇ ಇಂತಹ ನಿಲಯಗಳನ್ನು ಕುಗ್ಗಿಸುವುದು. ಮಾತನಾಡಲು ಬರುವ ಇಬ್ಬರು ತರುಣರ ಸಂಬಳವೂ, ಕರೆಂಟಿನ ಬಿಲ್ಲೂ, ಸಿಡಿಲಿಗೆ ಸುಟ್ಟುಹೋಗುವ ಬಿಡಿಭಾಗವೂ ಪ್ರತಿತಿಂಗಳೂ ಎದುರಿಗೆ ನಿಲ್ಲುತ್ತವೆ. ಹಾಲಿನ ಸಂಘ, ಸಹಕಾರ ಸಂಘ, ದೇವಸ್ಥಾನದ ಸಮಿತಿ ಇವುಗಳು ಸ್ವಲ್ಪಸ್ವಲ್ಪವಾಗಿ ವಹಿಸಿಕೊಳ್ಳುವ ಏರ್ಪಾಡನ್ನು ಅರ್ಜಿ ಹಾಕುವುದಕ್ಕೆ ಮೊದಲೇ ಬರವಣಿಗೆಯಲ್ಲಿ ಮಾಡಿಕೊಂಡಿರುವುದು ಒಳ್ಳೆಯದು. ಕೇಳುವ ಕೂಟವನ್ನು ಕಟ್ಟಲು ಮಾತ್ರ ಯಾವ ಲೈಸೆನ್ಸೂ ಬೇಕಾಗಿಲ್ಲ. ಹತ್ತು ಹದಿನೈದು ಜನ ಒಕ್ಕಲುಗಳು, ಒಂದು ಯಂತ್ರ, ಪ್ರಶ್ನೆಗಳನ್ನು ಬರೆದುಕೊಳ್ಳಲು ಒಂದು ಪುಸ್ತಕ ಇದ್ದರೆ ಈ ವಾರವೇ ಚಾವಡಿಯಲ್ಲಿ ಕುಳಿತುಕೊಳ್ಳಬಹುದು. ಕೂಟದಲ್ಲಿ ಗೇಣಿದಾರರೂ ಕೂಲಿಯವರೂ ಇರಬೇಕು. ಹುಳುವನ್ನು ಮೊದಲು ಕಾಣುವವರು ಅವರು.